ಅಡುಗೆಮನೆಗೊಂದು ಪುಟ್ಟ ರೇಡಿಯೊ: ಎಲ್ಲಿಡಬೇಕು, ಯಾವುದನ್ನು ಕೊಳ್ಳಬೇಕು?

ಧ್ವನಿವಿಜ್ಞಾನವನ್ನು ಕುರಿತ ನಮ್ಮ ಸಂವಾದ ಕಾರ್ಯಕ್ರಮದ ಕೊನೆಯಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬರು ಎದ್ದುನಿಂತು ಒಂದು ಪ್ರಶ್ನೆ ಕೇಳಿದರು. “ನಮ್ಮ ಅಡುಗೆಮನೆ ಎಂಟಡಿ ಉದ್ದ, ಏಳಡಿ ಅಗಲ. ಕಟ್ಟೆಯ ಮೇಲೆ ಒಲೆ, ಮಿಕ್ಸಿ, ನೀರಿನ ಫಿಲ್ಟರು ಇಟ್ಟ ಮೇಲೆ ಒಂದು ತಟ್ಟೆಗೂ ಜಾಗ ಉಳಿಯುವುದಿಲ್ಲ. ನಮ್ಮಮ್ಮನಿಗೆ ಕೆಲಸ ಮಾಡುತ್ತಾ ಹಾಡು, ವಾರ್ತೆ ಕೇಳುವ ಆಸೆ. ಯಾವ ಸೆಟ್ ತರಬೇಕು?” ಸಭಿಕರಲ್ಲಿ ಕೆಲವರು ನಕ್ಕರು. ತಜ್ಞರು ಉತ್ತರ ಆರಂಭಿಸುವಷ್ಟರಲ್ಲಿ ನಮ್ಮ ಸಮಯ ಮುಗಿದಿತ್ತು. ನಿರ್ಮಾಪಕನಾಗಿ ಕಾರ್ಯಕ್ರಮ ನಿಲ್ಲಿಸುವ ಸನ್ನೆ ಮಾಡಿದವನು ನಾನೇ. ಉಳಿದುಹೋದ ಆ ಉತ್ತರವನ್ನು ಈ ಪುಟಗಳಲ್ಲಿ ಕೊಡುವ ಪ್ರಯತ್ನ ಮಾಡುತ್ತೇನೆ.

ಪ್ರಶ್ನೆ ನಗುವಂಥದ್ದಲ್ಲ. ನೀವು ಪಿ.ಯು.ಸಿ.ಯಲ್ಲೋ ಪದವಿಯಲ್ಲೋ ಓದುವ ಧ್ವನಿ, ತರಂಗ, ವಿದ್ಯುತ್ತು, ಉಷ್ಣ ಎಂಬ ನಾಲ್ಕು ಅಧ್ಯಾಯಗಳೂ ಆ ಎಂಟಡಿ ಕೋಣೆಯಲ್ಲಿ ಒಟ್ಟಿಗೆ ಸೇರುತ್ತವೆ. ಮನೆಯಲ್ಲಿ ಅತಿ ಹೆಚ್ಚು ಹೊತ್ತು ಒಂದೇ ಕಡೆ ನಿಂತು ಕೆಲಸ ಮಾಡುವವರು ಇರುವ ಕೋಣೆಯೂ ಅದೇ.

ನಾನು ಮಾಡಿದ ತಪ್ಪು

ಮೊದಲು ನನ್ನ ಅನುಭವ ಹೇಳುತ್ತೇನೆ. ನಮ್ಮ ಮನೆಯಲ್ಲಿ ರೇಡಿಯೊ ಇದ್ದದ್ದು ನಡುಮನೆಯ ಗೂಡಿನಲ್ಲಿ. ಅಮ್ಮ ಅದನ್ನು ಜೋರಾಗಿ ಹಾಕಿ ಅಡುಗೆಮನೆಗೆ ಹೋಗುತ್ತಿದ್ದರು. ಓದಲು ಕೂತ ನಾವು ಸದ್ದು ತಗ್ಗಿಸುತ್ತಿದ್ದೆವು. ಅವರು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ಮತ್ತೆ ಹೆಚ್ಚಿಸುತ್ತಿದ್ದರು. ಬಿ.ಎಸ್ಸಿ. ಮುಗಿದು ಮೊದಲ ಸಂಬಳ ಬಂದಾಗ ಅಡುಗೆಮನೆಗೇ ಒಂದು ಟೂ-ಇನ್-ಒನ್ ತಂದೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ವ್ಯಾಟ್ ಬರೆದಿದ್ದ ಸೆಟ್. ಕಟ್ಟೆಯ ಮೇಲೆ ಜಾಗವಿಲ್ಲವೆಂದು ಒಲೆಯ ಮೇಲ್ಗಡೆಯ ಕಡಪ ಕಲ್ಲಿನ ಶೆಲ್ಫಿನಲ್ಲಿ ಇಟ್ಟೆ. ಜಾಗ ಉಳಿಸಿದೆನೆಂಬ ಹೆಮ್ಮೆ ನನಗೆ.

ಆರು ತಿಂಗಳಲ್ಲಿ ಒಗ್ಗರಣೆಯ ಎಣ್ಣೆ ಹಬೆ ಅದರ ಮೇಲೆಲ್ಲ ಅಂಟಿ, ಗುಂಡಿಗಳು ತಿರುಗದಂತಾದವು. ಹಿಂಬದಿ ಮುಚ್ಚಳ ತೆಗೆದರೆ ಒಳಗೆ ಜಿರಲೆಗಳ ಸಂಸಾರ. ಸದ್ದು ಹೆಚ್ಚಿಸಿದರೆ ಪಕ್ಕದ ಡಬ್ಬಿಯ ಮುಚ್ಚಳವೊಂದು ನಡುಗುತ್ತಿತ್ತು. ಇಷ್ಟೆಲ್ಲ ಆದರೂ ಅಮ್ಮ ಒಮ್ಮೆಯೂ ದೂರಿರಲಿಲ್ಲ. “ಸ್ಟೂಲ್ ಹತ್ತಿ ಹಾಕಬೇಕಲ್ಲಪ್ಪ, ಅದಕ್ಕೇ ನಾನು ಹಾಕೋದೇ ಇಲ್ಲ” ಎಂದು ಅವರು ಹೇಳಿದ್ದು ನಾನಾಗಿ ಕೇಳಿದ ಮೇಲೆ. ಶೆಲ್ಫಿನ ಅಗಲ, ಆಳ ಎಲ್ಲವನ್ನೂ ಟೇಪಿನಲ್ಲಿ ಅಳೆದಿದ್ದೆ. ಅವರ ಕೈ ಎಲ್ಲಿಯವರೆಗೆ ಎಟುಕುತ್ತದೆಂದು ಮಾತ್ರ ಅಳೆದಿರಲಿಲ್ಲ.

ಹಾಗಾಗಿ ಈ ವಿಷಯದಲ್ಲಿ ನಾನು ಹೇಳುವ ಮೊದಲ ಮಾತು ಇದು: ಸೆಟ್ಟನ್ನು ಆರಿಸುವ ಮೊದಲು ಜಾಗವನ್ನು ಆರಿಸಿ. ಜಾಗ ಸರಿಯಾಗಿ ಗೊತ್ತಾದರೆ ಸೆಟ್ಟಿನ ಗಾತ್ರ, ಶಕ್ತಿ, ಬಗೆ ಮುಕ್ಕಾಲು ಪಾಲು ತಾವಾಗಿಯೇ ನಿರ್ಧಾರವಾಗುತ್ತವೆ.

ರೇಡಿಯೊ ಚಿಕ್ಕದಾದ ಬಗೆ

ಮೈಸೂರಿನಲ್ಲಿ 1935ರಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದಾಗ ರೇಡಿಯೊ ಎಂದರೆ ಮೇಜು ತುಂಬುವ ಮರದ ಪೆಟ್ಟಿಗೆ. ಅದರೊಳಗಿನ ವಾಲ್ವುಗಳು ಗಾಜಿನ ಬುರುಡೆಗಳು. ಅವು ಕೆಲಸ ಮಾಡಬೇಕಾದರೆ ಒಳಗಿನ ತಂತಿ ಕೆಂಪಗೆ ಕಾಯಬೇಕು, ಹೆಚ್ಚಿನ ವೋಲ್ಟೇಜು ಬೇಕು. ಅಂಥ ಸೆಟ್ಟನ್ನು ಒಲೆಯ ಹತ್ತಿರ ಇಡುವ ಮಾತೇ ಇರಲಿಲ್ಲ.

1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1954ರಲ್ಲಿ ನಾಲ್ಕೇ ಟ್ರಾನ್ಸಿಸ್ಟರುಗಳಿದ್ದ, ಅಂಗೈಯಲ್ಲಿ ಹಿಡಿಯಬಹುದಾದ ರೀಜೆನ್ಸಿ ಟಿ.ಆರ್.-1 ಎಂಬ ರೇಡಿಯೊ ಅಲ್ಲಿ ಮಾರಾಟಕ್ಕೆ ಬಂತು. ಕಾಯುವ ತಂತಿ ಇಲ್ಲ, ಗೋಡೆಯ ವಿದ್ಯುತ್ತೂ ಬೇಕಿಲ್ಲ. ಜಾಗ ಉಳಿಸುವ ರೇಡಿಯೊ ಎಂದು ನಾವು ಇಂದು ಕರೆಯುವುದೆಲ್ಲ ಅಲ್ಲಿಂದಲೇ ಶುರು. 1980ರ ದಶಕದಲ್ಲಿ ಅಮೆರಿಕದ ಅಡುಗೆಮನೆಗಳಿಗೆಂದೇ ಮೇಲಿನ ಮರದ ಕಪಾಟಿನ ತಳಕ್ಕೆ ಸ್ಕ್ರೂ ಹಾಕಿ ತೂಗುಬಿಡುವ ರೇಡಿಯೊಗಳು ಬಂದವು. ನಮ್ಮ ಬಹುತೇಕ ಮನೆಗಳ ಶೆಲ್ಫು ಕಲ್ಲಿನದು, ಇಲ್ಲವೇ ಕಾಂಕ್ರೀಟಿನದು. ಅದರ ತಳಕ್ಕೆ ಸ್ಕ್ರೂ ಕೂರಿಸುವುದು ಕಷ್ಟ. ಆದ್ದರಿಂದ ನಮಗೆ ಹೊಂದುವುದು ಪಕ್ಕದ ಗೋಡೆ.

ಅಡುಗೆಮನೆಯ ನಕ್ಷೆ

ಒಂದು ಗ್ರಾಫ್ ಹಾಳೆಯಲ್ಲಿ ನಿಮ್ಮ ಅಡುಗೆಮನೆಯ ನಾಲ್ಕು ಗೋಡೆಗಳನ್ನೂ ಬರೆದುಕೊಳ್ಳಿ. ಈಗ ಸೆಟ್ ಇಡಬಾರದ ಜಾಗಗಳನ್ನು ಕೆಂಪು ಪೆನ್ಸಿಲಿನಿಂದ ತುಂಬೋಣ.

ಒಲೆಯ ಮೇಲ್ಗಡೆ ಮತ್ತು ಒಲೆಯ ಎರಡೂ ಪಕ್ಕ ಮೊದಲು ತುಂಬಬೇಕು. ಬಿಸಿ ಗಾಳಿ ಹಗುರವಾಗಿ ಮೇಲೇರುತ್ತದೆ. ಅದರೊಡನೆ ನೀರಿನ ಆವಿ, ಎಣ್ಣೆಯ ಸಣ್ಣ ಹನಿಗಳೂ ಏರುತ್ತವೆ. ತಣ್ಣನೆಯ ಸೆಟ್ಟಿನ ಮೈಗೆ ತಗುಲಿದಾಗ ಆವಿ ನೀರಾಗುತ್ತದೆ, ಎಣ್ಣೆ ಅಂಟಾಗುತ್ತದೆ, ಆ ಅಂಟಿಗೆ ಧೂಳು ಕೂರುತ್ತದೆ. ಚಾರ್ಜ್ ಮಾಡುವ ಸ್ಪೀಕರುಗಳಲ್ಲಿರುವ ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಿನ ಬಿಸಿಯಲ್ಲಿ ಚಾರ್ಜ್ ಮಾಡುವುದು ಸಾಮಾನ್ಯವಾಗಿ ಸಲ್ಲದು. ಒಲೆಯ ಮೇಲಿನ ಶೆಲ್ಫಿನಲ್ಲಿ ಅಷ್ಟು ಬಿಸಿ ಸುಲಭವಾಗಿ ಏರಬಹುದು.

ಎರಡನೆಯದು ನಲ್ಲಿ, ಸಿಂಕುಗಳ ಸುತ್ತ ಕೈಚಾಚಿನಷ್ಟು ಜಾಗ. ಮೂರನೆಯದು ಎದೆಮಟ್ಟಕ್ಕಿಂತ ಕೆಳಗೆ, ಪುಟ್ಟ ಮಕ್ಕಳು ತಂತಿ ಎಳೆಯಬಹುದಾದ ಜಾಗ. ನಾಲ್ಕನೆಯದು ಅಡುಗೆ ಮಾಡುವವರ ಕೈಗೆ ಎಟುಕದ ಎತ್ತರದ ಜಾಗ. ಇದನ್ನು ಮಾತ್ರ ನೀವು ಊಹಿಸಬೇಡಿ. ಅವರನ್ನು ನಿಲ್ಲಿಸಿ, ಕೈ ಚಾಚಲು ಹೇಳಿ, ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ.

ಕೆಂಪು ತುಂಬಿದ ಮೇಲೆ ಉಳಿಯುವುದು ಸಾಮಾನ್ಯವಾಗಿ ಎರಡೋ ಮೂರೋ ಜಾಗ. ಕಿಟಕಿಯ ಪಕ್ಕದ ಗೋಡೆ, ಬಾಗಿಲ ಹಿಂದಲ್ಲದ ಒಂದು ಮೂಲೆ, ಫ್ರಿಜ್ಜಿನ ಪಕ್ಕದ ಗೋಡೆ. ಭುಜದ ಮಟ್ಟದಲ್ಲಿ ಅಂಗೈ ಅಗಲದ ಗೋಡೆ ಸಿಕ್ಕಿದರೆ ಸಾಕು. ಕಟ್ಟೆಯ ಒಂದು ಅಂಗುಲವೂ ಖರ್ಚಾಗದು.

ಗೋಡೆಗೆ ರಂಧ್ರ ಕೊರೆಯುವ ಮುನ್ನ ಒಂದು ಎಚ್ಚರಿಕೆ. ಅಡುಗೆಮನೆಯ ಗೋಡೆಯೊಳಗೆ ನೀರಿನ ಪೈಪು, ವಿದ್ಯುತ್ ತಂತಿ ಎರಡೂ ಹೋಗಿರುತ್ತವೆ. ಅವು ಬಹುಮಟ್ಟಿಗೆ ನಲ್ಲಿಯ ನೇರಕ್ಕೆ, ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ಅಥವಾ ಅಡ್ಡಲಾಗಿ ಸಾಗುತ್ತವೆ. ಆ ಗೆರೆಗಳಲ್ಲಿ ಕೊರೆಯಬೇಡಿ. ಹಗುರವಾದ ಸೆಟ್ಟಾದರೆ ಈಗಾಗಲೇ ಇರುವ ಮೊಳೆ ಅಥವಾ ಕೊಕ್ಕೆಯೇ ಸಾಕಾದೀತು.

ವ್ಯಾಟ್ ಎಷ್ಟು ಬೇಕು?

ಅಂಗಡಿಯಲ್ಲಿ ನಿಮ್ಮನ್ನು ಮೊದಲು ಸೆಳೆಯುವುದು ವ್ಯಾಟ್. ಇದರ ಲೆಕ್ಕವನ್ನು ನಾವೇ ಮಾಡೋಣ.

ತೆರೆದ ಜಾಗದಲ್ಲಿ ಧ್ವನಿಯ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕಡಿಮೆಯಾಗುತ್ತದೆ. ರೇಡಿಯೊ ನಿಮ್ಮಿಂದ 1 ಮೀಟರ್ ದೂರದಲ್ಲಿದ್ದಾಗ ಬರುವ ತೀವ್ರತೆಗೆ ಹೋಲಿಸಿದರೆ, 4 ಮೀಟರ್ ದೂರದಲ್ಲಿದ್ದಾಗ ಬರುವುದು 16ನೇ ಒಂದು ಭಾಗ, ಅಂದರೆ 12 ಡೆಸಿಬೆಲ್ ಕಡಿಮೆ. ಮನೆಯೊಳಗೆ ಗೋಡೆಗಳ ಪ್ರತಿಫಲನ ಸೇರುವುದರಿಂದ ಇಳಿಕೆ ಇಷ್ಟು ಇರುವುದಿಲ್ಲ. ಆದರೆ ನಡುವೆ ಗೋಡೆಯೊಂದು ಅಡ್ಡ ಬಂದರೆ ಇನ್ನೂ ಹೆಚ್ಚು ಕಡಿಮೆಯಾಗುತ್ತದೆ. ನಮ್ಮಮ್ಮ ನಡುಮನೆಯ ರೇಡಿಯೊವನ್ನು ಅಷ್ಟು ಜೋರಾಗಿ ಹಾಕಬೇಕಾಗಿದ್ದುದು ಇದರಿಂದ.

ಸಾಧಾರಣ ಪುಟ್ಟ ಸ್ಪೀಕರೊಂದು 1 ವ್ಯಾಟ್ ಶಕ್ತಿಗೆ 1 ಮೀಟರ್ ದೂರದಲ್ಲಿ ಸುಮಾರು 80 ಡೆಸಿಬೆಲ್ ಸದ್ದು ಕೊಡುತ್ತದೆ ಎಂದಿಟ್ಟುಕೊಳ್ಳಿ. ಶಕ್ತಿ ಹತ್ತರಲ್ಲಿ ಒಂದಾದರೆ 10 ಡೆಸಿಬೆಲ್ ಇಳಿಯುತ್ತದೆ. ಆಗ ವ್ಯಾಟಿನ ಹತ್ತನೆಯ ಒಂದು ಭಾಗದಲ್ಲಿ 70 ಡೆಸಿಬೆಲ್ ಬಂತು. ಇಬ್ಬರು ಎದುರುಬದುರು ನಿಂತು ಆಡುವ ಮಾತು 60 ಡೆಸಿಬೆಲ್ ಆಸುಪಾಸಿನದು. ಅಂದಮೇಲೆ ಎಂಟಡಿ ಅಡುಗೆಮನೆಗೆ ನಿಜವಾದ ಒಂದೆರಡು ವ್ಯಾಟ್ ಬೇಕಾದಷ್ಟಾಯಿತು.

‘ನಿಜವಾದ’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಪೆಟ್ಟಿಗೆಯ ಮೇಲೆ ನೂರು, ಇನ್ನೂರು ಎಂದು ಬರೆದು ಪಕ್ಕದಲ್ಲಿ ಸಣ್ಣದಾಗಿ ಪಿ.ಎಂ.ಪಿ.ಒ. ಎಂದಿದ್ದರೆ ಅದು ಕ್ಷಣಮಾತ್ರದ ಗರಿಷ್ಠ ಶಕ್ತಿಯ ಹೆಸರಿನಲ್ಲಿ ಕೊಟ್ಟ ಅಂಕಿ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಒಂದು ಕ್ರಮವಿಲ್ಲ. ಆರ್.ಎಂ.ಎಸ್. ಎಂಬ ಅಂಕಿಯನ್ನು ಹುಡುಕಿ. ಸತತವಾಗಿ ಕೊಡಬಲ್ಲ ಶಕ್ತಿ ಅದು.

ಸದ್ದು ಮಿತಿಯಲ್ಲಿರಬೇಕೆನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಅಡುಗೆಮನೆಯಲ್ಲಿ ಕಿವಿಗೆ ಬೇರೆ ಕೆಲಸಗಳಿವೆ. ಕುಕ್ಕರಿನ ಸೀಟಿ ಎಣಿಸಬೇಕು, ಹಾಲು ಉಕ್ಕುವ ಸದ್ದು ಕೇಳಬೇಕು, ಗ್ಯಾಸಿನ ಬುಸ್ಸೆನ್ನುವ ದನಿ ಗೊತ್ತಾಗಬೇಕು. ಆದ್ದರಿಂದಲೇ ಅಡುಗೆ ಮಾಡುವಾಗ ಇಯರ್‌ಫೋನ್ ಬೇಡ. ಮಿಕ್ಸಿ ತಿರುಗುವಾಗ ರೇಡಿಯೊವನ್ನು ಅದಕ್ಕೆ ಪೈಪೋಟಿಯಾಗಿ ಜೋರು ಮಾಡುವುದೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಸುರಕ್ಷಿತ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಸದ್ದು ಅದಕ್ಕಿಂತ ಏರಿದಂತೆ ಕೇಳಬಹುದಾದ ಅವಧಿ ಬಹಳ ಬೇಗ ಕುಗ್ಗುತ್ತದೆ.

ಕಲ್ಲು, ಟೈಲ್ಸ್ ಮತ್ತು ಪಾತ್ರೆಗಳು

ನಮ್ಮ ಸ್ಟುಡಿಯೊದ ಗೋಡೆಗಳಿಗೆ ಮೆತ್ತನೆಯ ಹೊದಿಕೆ ಹಾಕಿರುತ್ತಾರೆ. ಧ್ವನಿ ಅದಕ್ಕೆ ತಗುಲಿ ಹೀರಿಹೋಗುತ್ತದೆ. ಅಡುಗೆಮನೆ ಇದಕ್ಕೆ ಪೂರ್ತಿ ವಿರುದ್ಧ. ಗ್ರಾನೈಟ್, ಟೈಲ್ಸ್, ಸ್ಟೀಲು, ಗಾಜು ಎಲ್ಲವೂ ಧ್ವನಿಯನ್ನು ಹಿಂದಕ್ಕೆ ಎಸೆಯುತ್ತವೆ. ಅಡುಗೆಮನೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ, ಆಮೇಲೆ ಹಾಸಿಗೆ, ಬಟ್ಟೆಗಳಿರುವ ಕೋಣೆಯಲ್ಲಿ ತಟ್ಟಿ. ವ್ಯತ್ಯಾಸ ತಟ್ಟನೆ ತಿಳಿಯುತ್ತದೆ. ಹೀಗೆ ಹಿಂದಿರುಗಿದ ಧ್ವನಿ ನೇರ ಧ್ವನಿಯ ಮೇಲೆ ಬಿದ್ದಾಗ ಹಾಡು ಹೇಗೋ ನಡೆದೀತು, ವಾರ್ತೆಯ ಮಾತು ಕಲಸಿಹೋಗುತ್ತದೆ.

ಪರಿಹಾರ ಸುಲಭ. ಸ್ಪೀಕರಿನ ಮುಖ ಕೇಳುವವರ ಕಡೆಗೆ ಇರಲಿ, ದೂರ ಒಂದು ಮೀಟರ್ ಆಸುಪಾಸು ಇರಲಿ, ಸದ್ದು ಮೆಲ್ಲಗಿರಲಿ. ಆಗ ಕಿವಿಗೆ ಬರುವುದರಲ್ಲಿ ನೇರ ಧ್ವನಿಯದೇ ಮೇಲುಗೈ.

ಪುಟ್ಟ ಸ್ಪೀಕರಿನಲ್ಲಿ ತಬಲಾದ ಡಗ್ಗ, ಮೃದಂಗದ ಎಡಭಾಗದ ನಾದ ಸರಿಯಾಗಿ ಕೇಳುವುದಿಲ್ಲ. ಕೆಳಸ್ವರಗಳಿಗೆ ಬಹಳಷ್ಟು ಗಾಳಿಯನ್ನು ತಳ್ಳಬೇಕು. ಮೂರಂಗುಲದ ಸ್ಪೀಕರಿಗೆ ಅಷ್ಟು ಶಕ್ತಿಯಿಲ್ಲ. ಸೆಟ್ಟನ್ನು ಗೋಡೆಗೆ ಒರಗಿಸಿಟ್ಟರೆ, ಇನ್ನೂ ಮೂಲೆಗೆ ಸರಿಸಿದರೆ, ಕೆಳಸ್ವರಗಳು ಸ್ವಲ್ಪ ಬಲಗೊಳ್ಳುತ್ತವೆ. ಸುತ್ತಲೂ ಹರಡಬೇಕಾದ ಧ್ವನಿಯನ್ನು ಗೋಡೆಗಳು ಮುಂದಕ್ಕೆ ಕಳಿಸುವುದು ಇದಕ್ಕೆ ಕಾರಣ. ಮಾತು ಹೆಚ್ಚು ಕೇಳುವವರಾದರೆ ಮೂಲೆಯನ್ನು ಬಿಟ್ಟು ಗೋಡೆಯ ನಡುವೆ ಇಡಿ.

ಇನ್ನು ನನ್ನನ್ನು ಕಾಡಿದ ಡಬ್ಬಿ ಮುಚ್ಚಳದ ವಿಚಾರ. ಪ್ರತಿ ವಸ್ತುವಿಗೂ ತನ್ನದೇ ಆದ ಸ್ವಾಭಾವಿಕ ಆವೃತ್ತಿ ಇರುತ್ತದೆ. ರೇಡಿಯೊದಿಂದ ಅದೇ ಆವೃತ್ತಿಯ ಸ್ವರ ಬಂದಾಗ ಆ ವಸ್ತು ತಾನೂ ಕಂಪಿಸತೊಡಗುತ್ತದೆ. ಇದನ್ನು ಅನುನಾದ ಎನ್ನುತ್ತೇವೆ. ಪಾತ್ರೆಗಳ ಶೆಲ್ಫಿನಲ್ಲಿ ಸೆಟ್ ಇಟ್ಟರೆ ಯಾವುದಾದರೂ ಒಂದು ತಟ್ಟೆ ಯಾವುದಾದರೂ ಒಂದು ಸ್ವರಕ್ಕೆ ತಲೆದೂಗುತ್ತದೆ. ಶೆಲ್ಫಿನಿಂದ ಸೆಟ್ಟನ್ನು ಬೇರ್ಪಡಿಸಿ ಗೋಡೆಗೆ ತೂಗುಹಾಕಿದರೆ, ಅಥವಾ ಕೆಳಗೆ ಮಡಿಸಿದ ಬಟ್ಟೆಯೊಂದನ್ನು ಹಾಕಿದರೆ ಈ ತೊಂದರೆ ಬಹಳ ಮಟ್ಟಿಗೆ ತಗ್ಗುತ್ತದೆ.

ತರಂಗಗಳು ಒಳಗೆ ಬರಬೇಕಲ್ಲ

ನಡುಮನೆಯಲ್ಲಿ ಚೆನ್ನಾಗಿ ಹಾಡುವ ರೇಡಿಯೊ ಅಡುಗೆಮನೆಯಲ್ಲಿ ಗೊಣಗುವುದನ್ನು ನೀವು ಕಂಡಿರಬಹುದು. ದೋಷ ಸೆಟ್ಟಿನದೇ ಆಗಬೇಕಿಲ್ಲ.

ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ ಪ್ರಸಾರದ ಆವೃತ್ತಿ 612 ಕಿಲೋಹರ್ಟ್ಸ್. ಬೆಳಕಿನ ವೇಗವನ್ನು ಈ ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸುಮಾರು 490 ಮೀಟರ್. ಅದೇ ಊರಿನ ಎಫ್.ಎಂ. ರೇನ್‌ಬೋ ವಾಹಿನಿಯ ಆವೃತ್ತಿ 101.3 ಮೆಗಾಹರ್ಟ್ಸ್. ಇದರ ತರಂಗದೂರ ಸುಮಾರು 3 ಮೀಟರ್. ಕಾಂಕ್ರೀಟಿನೊಳಗೆ ಕಬ್ಬಿಣದ ಸರಳುಗಳ ಬಲೆಯಿರುವ ಕಟ್ಟಡವು ರೇಡಿಯೊ ತರಂಗಗಳಿಗೆ ಒಂದು ಪಂಜರದಂತೆ. ಪಂಜರದ ಕಂಡಿ ತರಂಗದೂರಕ್ಕಿಂತ ಬಹಳ ಚಿಕ್ಕದಾದರೆ ತರಂಗ ಒಳಗೆ ತೂರುವುದು ಕಷ್ಟ. ನಾಲ್ಕಡಿ ಕಿಟಕಿ 490 ಮೀಟರ್ ತರಂಗಕ್ಕೆ ಸೂಜಿಯ ಕಣ್ಣು. 3 ಮೀಟರ್ ತರಂಗಕ್ಕೆ ಅಷ್ಟು ಇಕ್ಕಟ್ಟಲ್ಲ. ಆದ್ದರಿಂದ ಬಹುಮಹಡಿ ಕಟ್ಟಡದಲ್ಲಿ ಕಿಟಕಿಯ ಪಕ್ಕದ ಗೋಡೆಗೇ ಮೊದಲ ಆದ್ಯತೆ. ಹೆಂಚಿನ ಮನೆಯವರಿಗೆ ಈ ತೊಂದರೆ ಕಡಿಮೆ.

ಮಧ್ಯಮ ತರಂಗಕ್ಕೆ ಸೆಟ್ಟಿನ ಒಳಗೇ ಫೆರೈಟ್ ಕಡ್ಡಿಯ ಆಂಟೆನಾ ಇರುತ್ತದೆ. ಕಡ್ಡಿಯ ಪಕ್ಕ ನಿಲಯದ ಕಡೆಗಿದ್ದರೆ ಧ್ವನಿ ಸ್ಪಷ್ಟ, ತುದಿ ನಿಲಯದ ಕಡೆಗಿದ್ದರೆ ಧ್ವನಿ ಕ್ಷೀಣ. ಗೋಡೆಗೆ ತೂಗುಹಾಕಿದ ಮೇಲೆ ಸೆಟ್ಟನ್ನು ತಿರುಗಿಸಲಾಗುವುದಿಲ್ಲ. ಅದರಿಂದ ಮೊಳೆ ಹೊಡೆಯುವ ಮುಂಚೆಯೇ ಆ ಗೋಡೆಗೆ ಸೆಟ್ ಹಿಡಿದು ಕೇಳಿ ನೋಡಬೇಕು. ಎಫ್.ಎಂ.ಗೆ ಹೊರಗಿನ ಉದ್ದ ಕಡ್ಡಿಯೇ ಆಂಟೆನಾ. ತರಂಗದೂರದ ಕಾಲುಭಾಗ, ಅಂದರೆ ಸುಮಾರು 74 ಸೆಂಟಿಮೀಟರ್ ಉದ್ದವಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕೊಳ್ಳುವಾಗ ಕಡ್ಡಿಯನ್ನು ಪೂರ್ತಿ ಎಳೆದು ಅಳೆಯಿರಿ, ಅದು ಚಾಚಿಕೊಳ್ಳಲು ಗೋಡೆಯ ಮೇಲೆ ಜಾಗವಿದೆಯೇ ಎಂದು ನೋಡಿ. ಸ್ಟೀಲ್ ಸ್ಟ್ಯಾಂಡಿಗೆ ಅಂಟಿಸಿ ಇಡಬೇಡಿ.

ಕರಕರ ಸದ್ದು ಎಲ್ಲಿಂದ?

ಮಿಕ್ಸಿಯ ಮೋಟಾರಿನಲ್ಲಿ ಇಂಗಾಲದ ಬ್ರಷ್‌ಗಳು ತಿರುಗುವ ತಾಮ್ರದ ಪಟ್ಟಿಗಳನ್ನು ಉಜ್ಜುತ್ತಿರುತ್ತವೆ. ಅಲ್ಲಿ ಏಳುವ ಕಿಡಿಗಳೂ ರೇಡಿಯೊ ತರಂಗಗಳನ್ನು ಹೊಮ್ಮಿಸುತ್ತವೆ. ಇಂಡಕ್ಷನ್ ಒಲೆ, ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳೂ ಇದೇ ರೀತಿ ತೊಂದರೆ ಕೊಡಬಲ್ಲವು. ಮಧ್ಯಮ ತರಂಗದಲ್ಲಿ ಮಾಹಿತಿ ಇರುವುದು ತರಂಗದ ಎತ್ತರದ ಏರಿಳಿತದಲ್ಲಿ. ಕಿಡಿಗಳು ಕೆಡಿಸುವುದೂ ಆ ಎತ್ತರವನ್ನೇ. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಪೇಟೆಂಟ್ ಪಡೆದ ಎಫ್.ಎಂ. ವಿಧಾನದಲ್ಲಿ ಮಾಹಿತಿ ಆವೃತ್ತಿಯ ಏರಿಳಿತದಲ್ಲಿ ಇರುತ್ತದೆ. ಎತ್ತರ ಕೆಟ್ಟರೂ ಧ್ವನಿ ಬಹುಪಾಲು ಉಳಿಯುತ್ತದೆ. ಯಂತ್ರಗಳು ತುಂಬಿದ ಅಡುಗೆಮನೆಗೆ ಎಫ್.ಎಂ. ಹೆಚ್ಚು ಒಗ್ಗುವುದು ಇದರಿಂದ. ಎಫ್.ಎಂ. ತಲುಪದ ಊರಿನಲ್ಲಿ ಮಧ್ಯಮ ತರಂಗವೂ ಇರುವ ಸೆಟ್ಟೇ ಬೇಕು.

ಬ್ಲೂಟೂತ್ ಸ್ಪೀಕರ್ ಬಳಸುವವರಿಗೂ ಒಂದು ಮಾತು. ಬ್ಲೂಟೂತ್ ಕೆಲಸ ಮಾಡುವುದು 2,400ರಿಂದ 2,483.5 ಮೆಗಾಹರ್ಟ್ಸ್ ನಡುವೆ. ಮೈಕ್ರೋವೇವ್ ಒವೆನ್ನಿನ ಆವೃತ್ತಿ ಸುಮಾರು 2,450 ಮೆಗಾಹರ್ಟ್ಸ್. ಅದರಿಂದ ಹೊರಸೂಸುವ ಅತ್ಯಲ್ಪ ತರಂಗವೂ ಪಕ್ಕದಲ್ಲಿರುವ ಸ್ಪೀಕರಿನ ಹಾಡನ್ನು ತುಂಡರಿಸಬಲ್ಲದು. ಎರಡನ್ನೂ ದೂರ ಇಡಿ.

ನೀರು, ವಿದ್ಯುತ್ತು, ಗ್ಯಾಸು

ಈ ಭಾಗವನ್ನು ದಯವಿಟ್ಟು ಮನೆಯವರಿಗೂ ಓದಿಹೇಳಿ. ಒಣ ಚರ್ಮ ವಿದ್ಯುತ್ ಪ್ರವಾಹಕ್ಕೆ ಸಾಕಷ್ಟು ತಡೆ ಒಡ್ಡುತ್ತದೆ. ಚರ್ಮ ಒದ್ದೆಯಾದರೆ ಆ ತಡೆ ಬಹಳ ಕುಸಿಯುತ್ತದೆ. ಅಡುಗೆಮನೆಯಲ್ಲಿ ಕೈ ಒದ್ದೆಯಾಗಿರುವುದೇ ಹೆಚ್ಚು. ಆದ್ದರಿಂದ 230 ವೋಲ್ಟಿನ ತಂತಿ ಹೊತ್ತ ಸೆಟ್ಟಿಗಿಂತ ಸೆಲ್ಲಿನಲ್ಲಿ ನಡೆಯುವ ಸೆಟ್ ಇಲ್ಲಿ ಮೇಲು. ಪ್ಲಗ್ಗಿಗೆ ಹಾಕಲೇಬೇಕಾದರೆ ತಂತಿ ಸಿಂಕಿನ ಮೇಲೆ, ಒಲೆಯ ಹಿಂದೆ ಹಾಯದಿರಲಿ. ಮಿಕ್ಸಿ, ಗ್ರೈಂಡರುಗಳ ಜೊತೆ ಒಂದೇ ಮಲ್ಟಿ-ಪ್ಲಗ್ಗಿಗೆ ಸಿಕ್ಕಿಸಬೇಡಿ. ಮನೆಯ ಮುಖ್ಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇದೆಯೇ ಎಂದು ನೋಡಿ. ಅಷ್ಟು ವಿದ್ಯುತ್ ಸೋರಿದರೆ ಅದು ಕಣ್ಣುಮಿಟುಕಿಸುವಷ್ಟರಲ್ಲಿ ಸರಬರಾಜು ಕಡಿದುಹಾಕುತ್ತದೆ.

ಸೆಲ್ಲಿನ ಖರ್ಚಿನ ಲೆಕ್ಕ ನೋಡೋಣ. ಎರಡು ಪೆನ್ಸಿಲ್ ಸೆಲ್ಲಿನ ಪುಟ್ಟ ಸೆಟ್ಟೊಂದು ಮೆಲುದನಿಯಲ್ಲಿ 50 ಮಿಲಿಆಂಪಿಯರ್ ಎಳೆಯುತ್ತದೆ, ಸೆಲ್ಲಿನ ಸಾಮರ್ಥ್ಯ 2,000 ಮಿಲಿಆಂಪಿಯರ್-ಗಂಟೆ ಎಂದು ಹಿಡಿಯಿರಿ. ಭಾಗಿಸಿದರೆ 40 ಗಂಟೆ. ದಿನಕ್ಕೆ ಎರಡು ಗಂಟೆ ಹಾಕಿದರೆ 20 ದಿನ. ಸದ್ದು ಹೆಚ್ಚಿಸಿದರೆ ಅವಧಿ ಇಳಿಯುತ್ತದೆ. ಮತ್ತೆ ಮತ್ತೆ ಚಾರ್ಜ್ ಮಾಡುವ ಸೆಲ್ಲುಗಳಾದರೆ ಖರ್ಚು ಇನ್ನೂ ಕಡಿಮೆ. ಕರೆಂಟು ಹೋದಾಗಲೂ ರೇಡಿಯೊ ನಡೆಯುತ್ತದೆಂಬುದು ಬೇರೆ ಲಾಭ.

ಕೆಲವು ಸ್ಪೀಕರುಗಳ ಮೇಲೆ ಐ.ಪಿ.ಎಕ್ಸ್.4, ಐ.ಪಿ.ಎಕ್ಸ್.7 ಎಂಬ ಗುರುತು ಇರುತ್ತದೆ. 4 ಎಂದರೆ ಯಾವ ದಿಕ್ಕಿನಿಂದ ನೀರು ಸಿಡಿದರೂ ತಡೆಯಬಲ್ಲದು. 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದು. ಅಡುಗೆಮನೆಗೆ 4 ಸಾಕು. ಆದರೆ ಈ ಪರೀಕ್ಷೆಗಳು ನೀರಿಗೆ ಸಂಬಂಧಿಸಿದವು. ಬಿಸಿ ಹಬೆ, ಎಣ್ಣೆ ಹಬೆಗಳಿಂದ ರಕ್ಷಣೆ ಇದೆಯೆಂದು ತಿಳಿಯಬೇಡಿ.

ಗ್ಯಾಸಿನ ವಾಸನೆ ಬಂದಾಗ ಯಾವ ಸ್ವಿಚ್ಚನ್ನೂ ಮುಟ್ಟಬಾರದು ಎಂಬುದು ನಿಮಗೆ ಗೊತ್ತು. ರೇಡಿಯೊದ ಗುಂಡಿ, ಪ್ಲಗ್ಗುಗಳೂ ಅದರಲ್ಲಿ ಸೇರಿವೆ. ಹಾಕುವುದೂ ಬೇಡ, ಆರಿಸುವುದೂ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಒಂದು ಪುಟ್ಟ ಕಿಡಿಯೂ ಅನಾಹುತಕ್ಕೆ ಸಾಕು. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ.

ಯಾವುದನ್ನು ಆರಿಸಬೇಕು?

ಈಗ ಅಂಗಡಿಗೆ ಹೋಗಬಹುದು. ಮುಖ್ಯವಾಗಿ ನಾಲ್ಕು ಬಗೆಗಳಿವೆ.

ಸೆಲ್ಲಿನ ಟ್ರಾನ್ಸಿಸ್ಟರ್ ಅಂಗೈಯಗಲದ್ದು, ಹಗುರ, ಒಂದು ಮೊಳೆಗೆ ತೂಗುತ್ತದೆ. ರೇಡಿಯೊ ಮಾತ್ರ ಸಾಕೆನ್ನುವವರಿಗೆ ಇದಕ್ಕಿಂತ ಸರಳವಾದದ್ದಿಲ್ಲ.

ಎಫ್.ಎಂ., ಮೆಮೊರಿ ಕಾರ್ಡ್, ಬ್ಲೂಟೂತ್ ಮೂರೂ ಇರುವ ಚಾರ್ಜ್ ಮಾಡುವ ಪುಟ್ಟ ಸ್ಪೀಕರಿನಲ್ಲಿ ಇಷ್ಟದ ಹಾಡುಗಳನ್ನು ತುಂಬಿಕೊಳ್ಳಬಹುದು. ಕೊಳ್ಳುವ ಮುನ್ನ ಅದಕ್ಕೆ ಸದ್ದು ತಗ್ಗಿಸುವ ಪ್ರತ್ಯೇಕ ಗುಂಡಿ ಇದೆಯೇ, ಎಫ್.ಎಂ.ಗೆ ಆಂಟೆನಾ ಇದೆಯೇ ಎಂದು ನೋಡಿ. ಎಷ್ಟೋ ಸೆಟ್ಟುಗಳಲ್ಲಿ ಒಂದೇ ಗುಂಡಿಗೆ ನಾಲ್ಕು ಕೆಲಸ ಹಚ್ಚಿರುತ್ತಾರೆ. ಹಿಟ್ಟಿನ ಕೈಯಲ್ಲಿ ಅದನ್ನು ಒತ್ತುವುದು ಪರೀಕ್ಷೆಯೇ ಸರಿ.

ಮನೆಯಲ್ಲಿ ಬಿದ್ದಿರುವ ಹಳೆಯ ಮೊಬೈಲನ್ನೂ ಬಳಸಬಹುದು. ಎಫ್.ಎಂ. ಇರುವ ಅನೇಕ ಮೊಬೈಲುಗಳಲ್ಲಿ ಇಯರ್‌ಫೋನಿನ ತಂತಿಯೇ ಆಂಟೆನಾ. ಅದನ್ನು ಸಿಕ್ಕಿಸಿ, ಧ್ವನಿಯನ್ನು ಮೊಬೈಲಿನ ಸ್ಪೀಕರಿಗೆ ಕಳಿಸಬೇಕು. ಅಂತರ್ಜಾಲವಿದ್ದರೆ ಆಕಾಶವಾಣಿಯ ವಾಹಿನಿಗಳು ಆ್ಯಪ್ ಮೂಲಕವೂ ಸಿಗುತ್ತವೆ. ಹೊಸ ಖರ್ಚಿಲ್ಲ.

ಮಾತಿನಲ್ಲಿ ಹೇಳಿದರೆ ಹಾಡುವ ಸ್ಪೀಕರುಗಳಿಗೆ ಕೈ ಬೇಕಿಲ್ಲವೆಂಬುದು ದೊಡ್ಡ ಅನುಕೂಲ. ಆದರೆ ಹಲವಕ್ಕೆ ಸದಾ ಗೋಡೆಯ ವಿದ್ಯುತ್ತು ಬೇಕು, ವೈ-ಫೈ ಬೇಕು. ಅದು ಹಾಡಿನ ಹೆಸರನ್ನು ಅಮ್ಮನ ಉಚ್ಚಾರಣೆಯಲ್ಲಿ ಅರ್ಥಮಾಡಿಕೊಳ್ಳುತ್ತದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ನನ್ನ ಸಲಹೆ ಹೀಗಿದೆ. ಕಿಟಕಿಯ ಪಕ್ಕದ ಗೋಡೆ, ಭುಜದ ಮಟ್ಟ, ಒಂದೆರಡು ನಿಜವಾದ ವ್ಯಾಟಿನ ಸೆಲ್ಲಿನ ಸೆಟ್, ತಿರುಗಿಸುವ ದೊಡ್ಡ ಗುಂಡಿ, ಪೂರ್ತಿ ಉದ್ದದ ಕಡ್ಡಿ. ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ, ಬಳಸದ ದಿನಗಳಲ್ಲಿ ಸೆಲ್ ತೆಗೆದಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ.

ಮಾಡಿ ನೋಡಿ

1. ಮಧ್ಯಮ ತರಂಗದ ನಿಲಯವೊಂದನ್ನು ಹಾಕಿದ ಪುಟ್ಟ ಟ್ರಾನ್ಸಿಸ್ಟರನ್ನು ಅಲ್ಯೂಮಿನಿಯಂ ಪಾತ್ರೆಯೊಳಗಿಟ್ಟು ತಟ್ಟೆಯಿಂದ ಮುಚ್ಚಿ. ನಿಲಯದ ಧ್ವನಿ ಹೋಗಿ ಬರೀ ಸುಯ್ ಎನ್ನುವುದು ಉಳಿಯುತ್ತದೆ. ಏಕೆಂದು ಬರೆಯಿರಿ.

2. ಅದೇ ಟ್ರಾನ್ಸಿಸ್ಟರನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಧ್ವನಿ ಎಷ್ಟು ಸಲ ಕ್ಷೀಣಿಸಿತು? ಇದರಿಂದ ನಿಲಯ ಇರುವ ದಿಕ್ಕನ್ನು ಗುರುತಿಸಬಹುದೇ?

3. ಅಡುಗೆಮನೆಯ ಮೂರು ಜಾಗಗಳಲ್ಲಿ ರೇಡಿಯೊ ಹಿಡಿದು, ಒಲೆಯ ಮುಂದೆ ನಿಂತವರಿಗೆ ವಾರ್ತೆಯ ಹತ್ತು ವಾಕ್ಯಗಳಲ್ಲಿ ಎಷ್ಟು ಸ್ಪಷ್ಟವಾಗಿ ಕೇಳಿದವು ಎಂದು ಪಟ್ಟಿಮಾಡಿ. ಸದ್ದಿನ ಗುಂಡಿಯನ್ನು ಮೂರು ಸಲವೂ ಒಂದೇ ಮಟ್ಟದಲ್ಲಿಡಿ.

ನನ್ನ ಟೂ-ಇನ್-ಒನ್ ಅಟ್ಟ ಸೇರಿದ ಮೇಲೆ ಅಮ್ಮ ತಾವೇ ಅಂಗಡಿಗೆ ಬಂದು ಒಂದು ಪುಟ್ಟ ಟ್ರಾನ್ಸಿಸ್ಟರ್ ಆರಿಸಿದರು. ವ್ಯಾಟ್ ಕೇಳಲಿಲ್ಲ. ಗುಂಡಿಯನ್ನು ಎರಡು ಸಲ ತಿರುಗಿಸಿ ನೋಡಿದರು, ಕೈಯಲ್ಲಿ ಹಿಡಿದು ತೂಕ ನೋಡಿದರು, “ಇದು ಸಾಕು ಕಣೋ” ಅಂದರು. ಕಿಟಕಿಯ ಪಕ್ಕ ಕ್ಯಾಲೆಂಡರಿಗೆಂದು ಹೊಡೆದಿದ್ದ ಮೊಳೆಗೇ ಅದನ್ನು ತೂಗುಹಾಕಿದೆವು. ನಡುಮನೆಯಲ್ಲಿ ಓದುವವರಿಗೆ ಅದರ ಸದ್ದು ಕೇಳುತ್ತಿರಲಿಲ್ಲ. ಅಮ್ಮನಿಗೆ ಪೂರ್ತಿ ಕೇಳುತ್ತಿತ್ತು. ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರು ಅಮ್ಮನೋ ಅಪ್ಪನೋ ಅಜ್ಜಿಯೋ, ಯಾರೇ ಆಗಿರಲಿ, ನಕ್ಷೆ ಸಿದ್ಧವಾದ ಮೇಲೆ ಅಂಗಡಿಗೆ ಅವರನ್ನೂ ಕರೆದುಕೊಂಡು ಹೋಗಿ. ಗುಂಡಿ ತಿರುಗಿಸಿ ನೋಡುವ ಕೆಲಸ ಅವರದಾಗಲಿ.